ಮೇಲ್ಮಹಡಿ ಸ್ಲ್ಯಾಬ್‌ಗೆ ವೆಲ್ಡೆಡ್ ಮೆಶ್ ಹಾಕಬಹುದಾ? ಡಕ್ಟೈಲ್ ಮೆಶ್ ಯಾವುದು ಅಂತ ಗೊತ್ತಾಗೋದು ಹೇಗೆ?

ಮನೆಕೆಲಸ_ಶುರು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮೊದಲ ಮಹಡಿ ಸ್ಲ್ಯಾಬ್‌ಗೆ ಸೆಂಟ್ರಿಂಗ್ ನಡೆಯುತ್ತಿದೆ. ದಪ್ಪ 150 ಎಂಎಂ. ಎರಡು ಪ್ಯಾನೆಲ್, ನಡುವೆ ಒಂದು ಬೀಮ್. ಸ್ಲ್ಯಾಬ್ ಆ ಬೀಮ್ ಮೇಲೆ ಹಾದು ಮುಂದುವರಿಯುತ್ತದೆ. ಡ್ರಾಯಿಂಗ್‌ನಲ್ಲಿ ಕೆಳಗಡೆ 8 ಎಂಎಂ ಕಂಬಿ, 150 ಎಂಎಂಗೆ ಒಂದರಂತೆ ಎರಡೂ ದಿಕ್ಕಿಗೆ. ಬೀಮ್ ಮೇಲೆ ಟಾಪ್ ಕಂಬಿ ಬೇರೆ ಇದೆ. ಎಲ್ಲಾ 500 ಗ್ರೇಡ್.

ಈಗ ಕಾಂಟ್ರಾಕ್ಟರ್ ಬಿಡಿ ಕಂಬಿ ಬೇಡ, ರೆಡಿ ಮೆಶ್ (ಅಡ್ಡ, ಉದ್ದ ಕಂಬಿಗಳನ್ನು ಬೆಸೆದ ಜಾಲರಿ) ಹಾಕೋಣ ಅನ್ನುತ್ತಿದ್ದಾರೆ. ಅವರ ಮೆಶ್ 8 ಎಂಎಂ, ಆದರೆ ಅಂತರ 200. "ಮೆಶ್ ಸ್ಟೀಲ್ ಜಾಸ್ತಿ ಸ್ಟ್ರಾಂಗ್, ಅದಕ್ಕೆ 200 ಸಾಕು" ಅಂದರು. ಸರ್ಟಿಫಿಕೇಟ್ ಕೇಳಿದೆ, ಕೊಟ್ಟರು. ಈಲ್ಡ್ 560, ಅಲ್ಟಿಮೇಟ್ 585, ಎಲಾಂಗೇಶನ್ 8 ಶೇಕಡಾ ಅಂತ ಇದೆ. ಇದು ಒಳ್ಳೆಯದಾ ಕೆಟ್ಟದ್ದಾ ನನಗೆ ತಿಳಿಯುತ್ತಿಲ್ಲ. ಒಬ್ಬ ಸ್ನೇಹಿತರು "ಡಕ್ಟೈಲ್ ಮೆಶ್ ಅಂತ ಕೇಳಿ ತಗೋ" ಅಂದರು. ಹಾಗಂದರೆ ಏನು, ಸರ್ಟಿಫಿಕೇಟ್‌ನಲ್ಲಿ ಎಲ್ಲಿ ನೋಡಬೇಕು? ಕಬ್ಬಿಣ ಇನ್ನೂ ಆರ್ಡರ್ ಮಾಡಿಲ್ಲ.

ಸೆಂಟ್ರಿಂಗ್_ಶೀಟ್:
ಮೆಶ್ ಚೆನ್ನಾಗಿರುತ್ತದೆ ಸರ್. ಕೆಲಸ ಬೇಗ ಮುಗಿಯುತ್ತದೆ, ಅಂತರ ಹೆಚ್ಚುಕಮ್ಮಿ ಆಗುವುದಿಲ್ಲ. ಕೈಯಲ್ಲಿ ಕಟ್ಟಿದರೆ ಒಂದು ಕಡೆ 130, ಇನ್ನೊಂದು ಕಡೆ 180 ಬರುವುದು ಎಷ್ಟು ಸೈಟಲ್ಲಿ ನೋಡಿಲ್ಲ ನಾವು.

ಸ್ಲ್ಯಾಬ್_ಲೆಕ್ಕ:
ಮೊದಲು ಕಬ್ಬಿಣದ ಪ್ರಮಾಣ ನೋಡಿ. ಡಕ್ಟಿಲಿಟಿ, ಅಂದರೆ ಮುರಿಯದೆ ಹಿಗ್ಗುವ ಗುಣ, ಆಮೇಲೆ.

8 ಎಂಎಂ ಕಂಬಿ 150ಕ್ಕೆ ಒಂದು ಅಂದರೆ ಒಂದು ಮೀಟರ್ ಅಗಲಕ್ಕೆ 335 ಚದರ ಎಂಎಂ. 200ಕ್ಕೆ ಒಂದು ಅಂದರೆ 251. ಅಂದರೆ ಕಾಲು ಭಾಗ ಕಬ್ಬಿಣ ಕಡಿಮೆ. "ಸ್ಟ್ರಾಂಗ್ ಇದೆ" ಅನ್ನುವ ಮಾತನ್ನು ಪೂರ್ತಿ ಒಪ್ಪಿದರೂ ಲೆಕ್ಕ ಕೂಡುವುದಿಲ್ಲ. ಈಲ್ಡ್ ಅಂದರೆ ಕಂಬಿ ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ಶುರುವಾಗುವ ಮಟ್ಟ, ಅಲ್ಟಿಮೇಟ್ ಅಂದರೆ ಅದು ತಾಳುವ ಗರಿಷ್ಠ ಮಟ್ಟ; ಎರಡೂ ಚದರ ಎಂಎಂಗೆ ಇಷ್ಟು ನ್ಯೂಟನ್ ಬಲ ಅಂತ. 251 ಗುಣಿಸು 560 ಅಂದರೆ ಸುಮಾರು 1,40,500. ಡ್ರಾಯಿಂಗ್ ಕೇಳುವುದು 335 ಗುಣಿಸು 500, ಅಂದರೆ 1,67,500. ಶೇಕಡಾ 84 ಮಾತ್ರ ಆಯಿತು. ಸಾಲದ್ದಕ್ಕೆ, ಟೆಸ್ಟಲ್ಲಿ 560 ಬಂತು ಅಂತ ಡಿಸೈನ್‌ನಲ್ಲಿ 560 ಹಿಡಿಯುವ ಹಾಗಿಲ್ಲ. ಗ್ರೇಡ್ ಎಷ್ಟೋ ಅಷ್ಟೇ ಹಿಡಿಯಬೇಕು.

ವ್ಯಾಸ ಒಂದೇ ಇದ್ದರೆ ಕಬ್ಬಿಣ ಒಂದೇ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಯಾವಾಗಲೂ ಮೀಟರಿಗೆ ಎಷ್ಟು ಚದರ ಎಂಎಂ ಅಂತ ಕೇಳಿ.

ಇನ್ನು ನಿಜವಾದ ವಿಷಯ. 585ನ್ನು 560ರಿಂದ ಭಾಗಿಸಿದರೆ 1.045 ಬರುತ್ತದೆ. ಇದು ನನಗೆ ಸ್ವಲ್ಪವೂ ಸೇರಲಿಲ್ಲ. ಬೀಮ್ ಮೇಲೆ ಹಾದುಹೋಗುವ ಸ್ಲ್ಯಾಬ್‌ಗೆ ಇಂಥ ಮೆಶ್ ಹಾಕಿ ಅಂತ ನಾನು ಹೇಳುವುದಿಲ್ಲ.

ಗಟ್ಟಿ_ಕಾಂಕ್ರೀಟ್:
ಮೇಡಂ, ಹೆದರಿಸಬೇಡಿ ಅವರನ್ನು. ವೆಲ್ಡೆಡ್ ಮೆಶ್ ಹಾಕಿದ ಸ್ಲ್ಯಾಬ್‌ಗಳು ಜಗತ್ತಿನ ತುಂಬಾ ದಶಕಗಳಿಂದ ನಿಂತಿವೆ. ಮನೆ ಸ್ಲ್ಯಾಬ್‌ನಲ್ಲಿ ಕಬ್ಬಿಣ ಈಲ್ಡ್ ಹತ್ತಿರಕ್ಕೂ ಹೋಗುವುದಿಲ್ಲ. ಮಂಚ, ಬೀರು, ನಾಲ್ಕು ಜನ. ಇಷ್ಟಕ್ಕೆ ಯಾವ ಡಕ್ಟಿಲಿಟಿ ಬೇಕು?

ಟೆಸ್ಟ್_ಬೆಂಚ್:
ಮೊದಲು ಸರ್ಟಿಫಿಕೇಟ್ ಓದುವುದು ಹೇಗೆ ಅಂತ ಹೇಳುತ್ತೇನೆ, ಜಗಳ ಆಮೇಲೆ ಮಾಡೋಣ. ನಾನು ಕಂಬಿ ಎಳೆದು ನೋಡುವ ಲ್ಯಾಬ್‌ನಲ್ಲಿ ಕೆಲಸ ಮಾಡುವವನು.

"ಎಲಾಂಗೇಶನ್ 8 ಶೇಕಡಾ" ಅಂತ ಬರೆದರೆ ಅರ್ಧ ಮಾತು ಹೇಳಿದಂತೆ. ಎಲಾಂಗೇಶನ್ ಅಂದರೆ ಎಳೆದಾಗ ಕಂಬಿ ಹಿಗ್ಗುವ ಪ್ರಮಾಣ, ಅದು ಎರಡು ಬಗೆ. ಒಂದು, ಕಂಬಿ ತುಂಡಾದ ಮೇಲೆ ಎರಡು ತುಂಡು ಜೋಡಿಸಿ ಅಳೆಯುವುದು. ತುಂಡಾಗುವ ಮುಂಚೆ ಕಂಬಿ ಒಂದು ಜಾಗದಲ್ಲಿ ಸಣ್ಣಗೆ ಕತ್ತಿನ ಹಾಗೆ ಆಗುತ್ತದೆ. ಅಲ್ಲಿ ಆದ ಹಿಗ್ಗು ಪೂರ್ತಿ ಈ ಅಳತೆಗೆ ಸೇರುತ್ತದೆ. ಅಳೆಯುವ ಉದ್ದ ಕಂಬಿಯ ಐದು ವ್ಯಾಸದಷ್ಟೇ ಇರುವುದರಿಂದ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು, ಗರಿಷ್ಠ ಬಲ ಬಿದ್ದ ಕ್ಷಣದಲ್ಲಿ ಕಂಬಿ ಉದ್ದಕ್ಕೂ ಒಂದೇ ಸಮ ಎಷ್ಟು ಹಿಗ್ಗಿತ್ತು ಅನ್ನುವುದು. ಸ್ಲ್ಯಾಬ್‌ಗೆ ಬೇಕಾದ್ದು ಇದು. ಇದನ್ನು "ಯೂನಿಫಾರ್ಮ್ ಎಲಾಂಗೇಶನ್" ಅಥವಾ "ಎಜಿಟಿ" ಅಂತ ಬರೆದಿರುತ್ತಾರೆ. ನಿಮ್ಮ ಪೇಪರ್‌ನಲ್ಲಿ ಆ ಸಾಲು ಇದೆಯಾ ನೋಡಿ.

ವ್ಯತ್ಯಾಸ ಎಷ್ಟಿರುತ್ತದೆ ಅಂದರೆ, ಕಂಬಿಗಳ ಭಾರತೀಯ ಸ್ಟಾಂಡರ್ಡ್ ಐಎಸ್ 1786ರಲ್ಲಿ ಎಫ್‌ಇ 500ಡಿ ದರ್ಜೆಯ ಕಂಬಿಗೆ ತುಂಡಾದ ಮೇಲಿನ ಎಲಾಂಗೇಶನ್ ಕನಿಷ್ಠ 16 ಶೇಕಡಾ. ಅದೇ ಕಂಬಿಗೆ ಗರಿಷ್ಠ ಬಲದಲ್ಲಿ ಕೇಳುವುದು ಕನಿಷ್ಠ 5 ಮಾತ್ರ. ಹಾಗಿದ್ದರೆ ತುಂಡಾದ ಮೇಲೆ 8 ಬಂದ ವೈರ್‌ಗೆ ಇನ್ನೊಂದು ಎಷ್ಟು ಬರಬಹುದು, ನೀವೇ ಯೋಚಿಸಿ.

ಮನೆಕೆಲಸ_ಶುರು:
ನೋಡಿದೆ ಸರ್. ಎಜಿಟಿ ಅನ್ನುವ ಸಾಲೇ ಇಲ್ಲ. ಬರೀ "ಎಲಾಂಗೇಶನ್".

ಟೆಸ್ಟ್_ಬೆಂಚ್:
ಹಾಗಾದರೆ ಆ ಪೇಪರ್ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಬೇರೆ ಕೇಳಿ.

ಹೊಸ_ಸಿವಿಲ್:
ನಾನು ಸಿವಿಲ್ ಓದುತ್ತಿದ್ದೇನೆ. ಕ್ಲಾಸ್ ಎಲ್, ಕ್ಲಾಸ್ ಎನ್, ಬಿ500ಎ, ಬಿ500ಬಿ ಅಂತೆಲ್ಲ ಇದೆಯಲ್ಲ, ಅದೆಲ್ಲ ಇದೇನಾ? ಯಾವಾಗಲೂ ಗೊಂದಲ ಆಗುತ್ತದೆ.

ಸ್ಲ್ಯಾಬ್_ಲೆಕ್ಕ:
ಇದೇ. ಎಲ್ಲಾ ಕೋಡ್‌ಗಳೂ ಎರಡೇ ಸಂಖ್ಯೆ ಕೇಳುತ್ತವೆ. ಒಂದು, ಗರಿಷ್ಠ ಬಲದಲ್ಲಿ ಹಿಗ್ಗು. ಎರಡು, ಅಲ್ಟಿಮೇಟ್‌ಗೂ ಈಲ್ಡ್‌ಗೂ ಇರುವ ಅನುಪಾತ.

ಯುರೋಪಿನ ಕಾಂಕ್ರೀಟ್ ಡಿಸೈನ್ ಕೋಡ್ ಯೂರೊಕೋಡ್ 2ರಲ್ಲಿ ಕ್ಲಾಸ್ ಎ ಅಂದರೆ ಹಿಗ್ಗು 2.5 ಶೇಕಡಾ, ಅನುಪಾತ 1.05. ಕ್ಲಾಸ್ ಬಿ ಅಂದರೆ 5 ಮತ್ತು 1.08. ಕ್ಲಾಸ್ ಸಿ ಅಂದರೆ 7.5, ಅನುಪಾತ 1.15ರಿಂದ 1.35ರ ಒಳಗೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 4671 ಸ್ಟಾಂಡರ್ಡ್‌ನಲ್ಲಿ ಕ್ಲಾಸ್ ಎಲ್‌ಗೆ 1.5 ಶೇಕಡಾ ಮತ್ತು 1.03, ಕ್ಲಾಸ್ ಎನ್‌ಗೆ 5 ಮತ್ತು 1.08, ಭೂಕಂಪಕ್ಕೆ ಅಂತಲೇ ಇರುವ 500ಇಗೆ 10 ಮತ್ತು 1.15. ಬಿ500ಎ, ಬಿ500ಬಿಯಲ್ಲಿ ಕೊನೆಯ ಅಕ್ಷರವೇ ಕ್ಲಾಸ್.

ಮನೆಕೆಲಸ_ಶುರು ಅವರ ಮೆಶ್‌ನ 1.045 ಅನುಪಾತ ಕ್ಲಾಸ್ ಎಲ್‌ಗೆ ಸಾಕು, ಯೂರೊಕೋಡ್‌ನ ಕ್ಲಾಸ್ ಎಗೂ ಸಾಲುವುದಿಲ್ಲ. ಅಂದರೆ ಕೆಳಗಿನ ಮೆಟ್ಟಿಲಲ್ಲೇ ನಿಂತಿದೆ.

ಹೊಸ_ಸಿವಿಲ್:
ಥ್ಯಾಂಕ್ಸ್ ಮೇಡಂ. ಮೆಶ್‌ಗೆ ಮಾತ್ರ ಯಾಕೆ ಈ ತೊಂದರೆ? ವೆಲ್ಡಿಂಗ್‌ನಿಂದಲಾ?

ಟೆಸ್ಟ್_ಬೆಂಚ್:
ವೆಲ್ಡಿಂಗ್‌ಗಿಂತ ಮೊದಲೇ ಶುರುವಾಗುತ್ತದೆ. ಹಳೆಯ ಬಗೆಯ ಮೆಶ್‌ನ ವೈರ್ ಅನ್ನು ತಣ್ಣಗಿರುವಾಗಲೇ ಎಳೆದು ಅಥವಾ ರೋಲ್ ಮಾಡಿ ಸಣ್ಣ ಮಾಡುತ್ತಾರೆ. ಹಾಗೆ ಮಾಡಿದಾಗ ಈಲ್ಡ್ ಏರುತ್ತದೆ. ಅದಕ್ಕೇ ಸೇಲ್ಸ್‌ನವರು "ಸ್ಟ್ರಾಂಗ್" ಅನ್ನುವುದು. ಆದರೆ ಸ್ಟೀಲ್‌ನಲ್ಲಿದ್ದ ಹಿಗ್ಗುವ ಶಕ್ತಿಯ ದೊಡ್ಡ ಪಾಲು ಫ್ಯಾಕ್ಟರಿಯಲ್ಲೇ ಖರ್ಚಾಗಿರುತ್ತದೆ. ಈಲ್ಡ್ ಮತ್ತು ಅಲ್ಟಿಮೇಟ್ ಹತ್ತಿರ ಹತ್ತಿರ ಬರುತ್ತವೆ. ದಿನ ಕಳೆದ ಹಾಗೆ ಇಂಥ ಸ್ಟೀಲ್ ಇನ್ನೂ ಸ್ವಲ್ಪ ಗಡಸಾಗುತ್ತದೆ. ಅದಕ್ಕಾಗಿ ಟೆಸ್ಟ್‌ಗೆ ಮೊದಲು ತುಂಡನ್ನು 100 ಡಿಗ್ರಿಯಲ್ಲಿ ಒಂದು ಗಂಟೆ ಬಿಸಿ ಮಾಡಿ, ತಣ್ಣಗಾದ ಮೇಲೆ ಎಳೆಯುವ ಕ್ರಮ ಇದೆ.

ಡಕ್ಟೈಲ್ ಮೆಶ್‌ಗೆ ಸಾಮಾನ್ಯವಾಗಿ ಬಿಸಿಯಲ್ಲೇ ರೋಲ್ ಮಾಡಿದ ಕಾಯಿಲ್ ಕಂಬಿ ಬಳಸುತ್ತಾರೆ. ಅದನ್ನೇ ನೇರ ಮಾಡಿ ಬೆಸುಗೆ ಹಾಕುತ್ತಾರೆ.

ವೆಲ್ಡಿಂಗ್‌ದೂ ಪಾಲಿದೆ. ಕರೆಂಟ್ ಜಾಸ್ತಿ ಆದರೆ ಕಂಬಿ ಬೆಸುಗೆ ಪಕ್ಕದಲ್ಲೇ ತುಂಡಾಗುತ್ತದೆ. ಹಾಗಾಗಿ ಎಳೆಯುವ ತುಂಡಿನ ನಡುವೆ ಒಂದಾದರೂ ಅಡ್ಡ ಕಂಬಿಯ ಬೆಸುಗೆ ಇರಲೇಬೇಕು. ವೆಲ್ಡ್ ಮಾಡುವ ಮುಂಚಿನ ವೈರ್‌ನ ರಿಪೋರ್ಟ್ ತೋರಿಸಿದರೆ ಒಪ್ಪಬೇಡಿ.

ಬೈಂಡಿಂಗ್_ವೈರ್:
ಇಷ್ಟೆಲ್ಲ ಯಾಕೆ? ಸೈಟಲ್ಲಿ ನಾವು ಕಂಬಿಯನ್ನು ಪೂರ್ತಿ ಮಡಚಿ ನೋಡುತ್ತೇವೆ. ಬಿರುಕು ಬಿಡದಿದ್ದರೆ ಮಾಲು ಒಳ್ಳೆಯದು. ನಮ್ಮ ಮೇಸ್ತ್ರಿ ಕಾಲದಿಂದ ನಡೆದು ಬಂದ ಪರೀಕ್ಷೆ ಇದು.

ಟೆಸ್ಟ್_ಬೆಂಚ್:
ಅಣ್ಣ, ಮಡಚುವ ಪರೀಕ್ಷೆ ಬೇಡ ಅನ್ನುವುದಿಲ್ಲ. ತೀರಾ ಕೆಟ್ಟ ಮಾಲು ಅದರಲ್ಲಿ ಸಿಕ್ಕಿಬೀಳುತ್ತದೆ. ಆದರೆ ಹಿಗ್ಗು ಕಡಿಮೆ ಇರುವ ಕ್ಲಾಸ್ ಎಲ್ ವೈರ್ ಕೂಡ ಚೆನ್ನಾಗಿ ಮಡಚಿಕೊಳ್ಳುತ್ತದೆ. ಮಡಚಿದಾಗ ಹಿಗ್ಗುವುದು ಬಾಗಿದ ಜಾಗ ಮಾತ್ರ. ಉದ್ದಕ್ಕೂ ಒಂದೇ ಸಮ ಎಷ್ಟು ಹಿಗ್ಗುತ್ತದೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ಬೈಂಡಿಂಗ್_ವೈರ್:
ಸರಿ, ನೋಡಿ ಹೇಳುವುದಾದರೂ ಹೇಗೆ? ಸೈಟಿಗೆ ಬಂದ ಮಾಲನ್ನೆಲ್ಲ ಲ್ಯಾಬಿಗೆ ಕಳಿಸಲು ಆಗುತ್ತದಾ? ತಣ್ಣಗೆ ರೋಲ್ ಮಾಡಿದ್ದರಲ್ಲಿ ಸಾಮಾನ್ಯವಾಗಿ ಏಣುಗಳು ಮೂರು ಸಾಲು ಇರುತ್ತವೆ. ಬಿಸಿ ಕಂಬಿಯಲ್ಲಿ ಎರಡು ಸಾಲು, ಜೊತೆಗೆ ಉದ್ದಕ್ಕೆ ಎರಡು ಗೆರೆ. ನಾನು ಹಾಗೆ ಗುರುತಿಸುತ್ತೇನೆ.

ಟೆಸ್ಟ್_ಬೆಂಚ್:
ಅದು ಒಳ್ಳೆಯ ಸುಳಿವು. ಅನುಮಾನ ಬರಲು ಸಾಕು, ಒಪ್ಪಿಕೊಳ್ಳಲು ಸಾಲದು. ಪ್ರತಿ ಕಟ್ಟಿಗೂ ಟ್ಯಾಗ್ ಇರುತ್ತದೆ. ಅದರಲ್ಲಿ ಬ್ಯಾಚ್ ನಂಬರ್ ಇರಬೇಕು, ಸರ್ಟಿಫಿಕೇಟ್‌ನಲ್ಲಿರುವ ನಂಬರಿಗೆ ಅದು ಹೊಂದಬೇಕು. ಟ್ಯಾಗ್ ಕಿತ್ತು ಬಿಸಾಡುವ ಮುಂಚೆ ಫೋಟೋ ತೆಗೆದುಕೊಳ್ಳಿ.

ಸೆಂಟ್ರಿಂಗ್_ಶೀಟ್:
ತೂಕವನ್ನೂ ನೋಡಿ. ವ್ಯಾಸದ ವರ್ಗ ಭಾಗಿಸು 162. ಒಂದು ಮೀಟರ್ 8 ಎಂಎಂ ಕಂಬಿ 395 ಗ್ರಾಂ ತೂಗಬೇಕು. 8 ಅಂತ ಹೇಳಿ 7.5 ಕೊಟ್ಟರೆ ತಕ್ಕಡಿಯಲ್ಲಿ ಗೊತ್ತಾಗುತ್ತದೆ.

ಗಟ್ಟಿ_ಕಾಂಕ್ರೀಟ್:
ಎಲ್ಲಾ ಸರಿ. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಮನೆ ಸ್ಲ್ಯಾಬ್‌ಗೆ ಇದು ಯಾಕೆ ಬೇಕು? ಕ್ಲಾಸ್ ಎಲ್ ಮೆಶ್ ಕೋಡ್‌ನಲ್ಲೇ ಇದೆ ಅಂತ ಮೇಡಂ ಅವರೇ ಬರೆದಿದ್ದಾರೆ. ಕೋಡ್ ಒಪ್ಪಿದ್ದನ್ನು ನೀವ್ಯಾಕೆ ಬೇಡ ಅನ್ನುತ್ತೀರಿ?

ಸ್ಲ್ಯಾಬ್_ಲೆಕ್ಕ:
ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ದಿನನಿತ್ಯದ ಭಾರದಲ್ಲಿ ಕಬ್ಬಿಣ ಈಲ್ಡ್ ಆಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಸ್ಲ್ಯಾಬ್‌ಗೆ ಭಾರ ಒಂದೇ ಕಡೆಯಿಂದ ಬರುವುದಿಲ್ಲ. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಗೋಡೆ, ಬೀಮ್ ಹಿಡಿದುಕೊಂಡಿರುವುದರಿಂದ ಕುಗ್ಗಲು ಜಾಗ ಸಿಗದೆ ಬಿರುಕು ಬಿಡುತ್ತದೆ. ಒಂದು ಕಾಲಂ ಸ್ವಲ್ಪ ಕುಸಿದರೆ ಬೀಮ್ ಪಕ್ಕದ ಕಬ್ಬಿಣಕ್ಕೆ ಲೆಕ್ಕದಲ್ಲಿ ಇಲ್ಲದ ಎಳೆತ ಬೀಳುತ್ತದೆ. ಬೆಂಕಿ, ಭೂಕಂಪ ಇದ್ದೇ ಇವೆ.

ಆಗ ಏನಾಗುತ್ತದೆ ನೋಡಿ. ಬಿರುಕು ಬಿಟ್ಟ ಕಡೆ ಪೂರ್ತಿ ಎಳೆತ ಕಬ್ಬಿಣದ್ದು. ಪಕ್ಕದಲ್ಲಿ ಕಾಂಕ್ರೀಟ್ ಕಂಬಿಯನ್ನು ಹಿಡಿದಿದೆ, ಬೆಸುಗೆ ಹಾಕಿದ ಅಡ್ಡ ಕಂಬಿ ಇನ್ನೂ ಬಿಗಿಯಾಗಿ ಹಿಡಿದಿದೆ. ಹಾಗಾಗಿ ಹಿಗ್ಗಬೇಕಾದ್ದು ಬಿರುಕಿನ ಆಚೀಚೆಯ ತುಂಡು ಮಾತ್ರ. ಲೆಕ್ಕಕ್ಕೆ ಅದನ್ನು 50 ಎಂಎಂ ಅಂತ ಹಿಡಿಯೋಣ. 1.5 ಶೇಕಡಾ ಹಿಗ್ಗುವ ಕಂಬಿ 0.75 ಎಂಎಂ ಬಿರುಕಿಗೇ ಕೊನೆ ಮುಟ್ಟುತ್ತದೆ. 5 ಶೇಕಡಾ ಆದರೆ 2.5 ಎಂಎಂ. 10 ಆದರೆ 5 ಎಂಎಂ. ಮುಕ್ಕಾಲು ಎಂಎಂ ಬಿರುಕನ್ನು ಮನೆಯವರು ನೋಡಿ "ಪ್ಲಾಸ್ಟರ್ ಬಿರುಕು" ಅಂತ ಬಣ್ಣ ಹೊಡೆಸಿಬಿಡುತ್ತಾರೆ. 5 ಎಂಎಂ ಬಿರುಕು, ಜೋತುಬಿದ್ದ ಸ್ಲ್ಯಾಬ್ ನೋಡಿದರೆ ಯಾರೂ ಅದರ ಕೆಳಗೆ ಮಲಗುವುದಿಲ್ಲ. ಜೀವ ಉಳಿಯುವುದು ಈ ಎಚ್ಚರಿಕೆಯಿಂದ.

ಅನುಪಾತ ಯಾಕೆ ಅಂದರೆ, ಮೊದಲ ಬಿರುಕಿನಲ್ಲಿ ಈಲ್ಡ್ ಆದ ಕಂಬಿ ಇನ್ನೂ ಜಾಸ್ತಿ ಬಲ ಹೊರಲು ಶಕ್ತವಾಗಿದ್ದರೆ ಪಕ್ಕದಲ್ಲಿ ಎರಡನೇ, ಮೂರನೇ ಬಿರುಕು ಮೂಡುತ್ತದೆ, ಹಿಗ್ಗು ಹಂಚಿಹೋಗುತ್ತದೆ. 1.03 ಅನುಪಾತದಲ್ಲಿ ಆ ಶಕ್ತಿ ಇಲ್ಲ. ಎಲ್ಲಾ ಒಂದೇ ಬಿರುಕಿನ ಮೇಲೆ ಬೀಳುತ್ತದೆ.

ಕೋಡ್ ಒಪ್ಪುತ್ತದೆ ಅಂದಿರಲ್ಲ. ಒಪ್ಪುತ್ತದೆ, ಆದರೆ ದಂಡ ಹಾಕಿ ಒಪ್ಪುತ್ತದೆ. ಆಸ್ಟ್ರೇಲಿಯಾದ ಕಾಂಕ್ರೀಟ್ ಕೋಡ್ ಎಎಸ್ 3600ರ 2018ರ ಆವೃತ್ತಿಯಲ್ಲಿ, ಬಾಗುವಿಕೆಯ ಶಕ್ತಿಯನ್ನು ಗುಣಿಸಿ ತಗ್ಗಿಸುವ ಫ್ಯಾಕ್ಟರ್ ಕ್ಲಾಸ್ ಎನ್ ಕಬ್ಬಿಣಕ್ಕೆ 0.85ರವರೆಗೆ ಸಿಗುತ್ತದೆ, ಕ್ಲಾಸ್ ಎಲ್‌ಗೆ 0.65 ಮಾತ್ರ. ಅಂದರೆ ಸುಮಾರು 31 ಶೇಕಡಾ ಜಾಸ್ತಿ ಕಬ್ಬಿಣ. ಇವರ 335 ಆಗ ಸುಮಾರು 438 ಆಗುತ್ತದೆ. ಕಾಂಟ್ರಾಕ್ಟರ್ ಕೊಡುತ್ತಿರುವುದು 251!

ಗಟ್ಟಿ_ಕಾಂಕ್ರೀಟ್:
31 ಶೇಕಡಾ ಜಾಸ್ತಿ ಹಾಕಿದರೆ ಕ್ಲಾಸ್ ಎಲ್ ಓಕೆ ಅಂತಾಯಿತಲ್ಲ? ನಾನು ಹೇಳಿದ್ದೂ ಅದೇ, ಮೆಶ್ ಅಂದ ತಕ್ಷಣ ಹೆದರಬಾರದು.

ಸ್ಲ್ಯಾಬ್_ಲೆಕ್ಕ:
ಡಿಸೈನ್ ಅದಕ್ಕೆ ತಕ್ಕ ಹಾಗೆ ಮಾಡಿದ್ದರೆ ಓಕೆ. ಇಲ್ಲಿ ಮಾಡಿಲ್ಲ, ಅದು ತೊಂದರೆ.

ನಡುವಿನ ಬೀಮ್ ಮೇಲಿನ ಮೊಮೆಂಟ್ (ಬಾಗಿಸುವ ಬಲ) ಲೆಕ್ಕದಲ್ಲಿ ಕಡಿಮೆ ಮಾಡಿ ಪ್ಯಾನೆಲ್ ನಡುವಿಗೆ ಹಂಚುವುದು ನಾವೆಲ್ಲ ಮಾಡುವ ಕೆಲಸ. ಯೂರೊಕೋಡ್ 2 ಕ್ಲಾಸ್ ಬಿ, ಸಿಗೆ 30 ಶೇಕಡಾ ತನಕ ಬಿಡುತ್ತದೆ, ಕ್ಲಾಸ್ ಎಗೆ 20. ಎಎಸ್ 3600 ಕ್ಲಾಸ್ ಎಲ್‌ಗೆ ಬಿಡುವುದೇ ಇಲ್ಲ. ಕಬ್ಬಿಣ ಈಲ್ಡ್ ಆದ ಗೆರೆಗಳ ಉದ್ದಕ್ಕೂ ಸ್ಲ್ಯಾಬ್ ಬಾಗುತ್ತದೆ ಅಂತ ಹಿಡಿದು ಲೆಕ್ಕ ಮಾಡುವ ಯೀಲ್ಡ್ ಲೈನ್ ಪದ್ಧತಿಗೆ ಯೂರೊಕೋಡ್ ಕ್ಲಾಸ್ ಬಿ ಅಥವಾ ಸಿ ಬೇಕೇ ಬೇಕು ಅನ್ನುತ್ತದೆ. ನಮ್ಮ ಕಾಂಕ್ರೀಟ್ ಕೋಡ್ ಐಎಸ್ 456ರ ಎರಡು ದಿಕ್ಕಿನ ಸ್ಲ್ಯಾಬ್ ಕೋಷ್ಟಕದ ಮೂಲವೂ ಯೀಲ್ಡ್ ಲೈನ್. ಅಂದರೆ ಕೋಷ್ಟಕ ನೋಡಿ ಮೊಮೆಂಟ್ ತೆಗೆದಾಗಲೇ "ಕಬ್ಬಿಣ ಈಲ್ಡ್ ಆಗಿ ಚೆನ್ನಾಗಿ ಹಿಗ್ಗುತ್ತದೆ" ಅಂತ ಒಪ್ಪಿಕೊಂಡ ಹಾಗೆ. ಆಮೇಲೆ ಹಿಗ್ಗದ ಮೆಶ್ ಹಾಕಿದರೆ ಆ ಲೆಕ್ಕಕ್ಕೆ ಬುಡವೇ ಇಲ್ಲ.

ಅದಕ್ಕೆ, ಮೆಶ್ ಬದಲಾಯಿಸುವ ತೀರ್ಮಾನ ಡಿಸೈನ್ ಮಾಡಿದ ಇಂಜಿನಿಯರ್‌ದು. ಸೈಟಲ್ಲಿ ಆಗುವ ಮಾತಲ್ಲ.

ಡೆಕ್_ಶೀಟ್:
ನ್ಯೂಜಿಲೆಂಡ್ ಉದಾಹರಣೆ ಹೇಳಲೇಬೇಕು. 2011ರ ಫೆಬ್ರವರಿ 22ರ ಕ್ರೈಸ್ಟ್‌ಚರ್ಚ್ ಭೂಕಂಪದಲ್ಲಿ, ಪ್ರೀಕಾಸ್ಟ್ (ಮೊದಲೇ ಎರಕ ಹೊಯ್ದ) ಹಲಗೆಗಳ ಮೇಲೆ ಹಾಕಿದ ಕಾಂಕ್ರೀಟ್ ಪದರದಲ್ಲಿದ್ದ ತಣ್ಣಗೆ ಎಳೆದ ವೈರ್ ಮೆಶ್ ಬಿರುಕುಗಳ ಉದ್ದಕ್ಕೂ ತುಂಡಾಗಿದ್ದು ಕಂಡುಬಂತು. ಮಹಡಿಯ ಸ್ಲ್ಯಾಬ್ ಅಂದರೆ ಬರೀ ಓಡಾಡುವ ನೆಲ ಅಂದುಕೊಳ್ಳಬೇಡಿ. ಭೂಕಂಪದಲ್ಲಿ ಕಾಲಂ, ಗೋಡೆಗಳನ್ನೆಲ್ಲ ಒಟ್ಟಿಗೆ ಹಿಡಿದಿಡುವುದು ಅದೇ. ಅದೇ ವರ್ಷ ಅಲ್ಲಿ ಮನೆಗಳ ನೆಲದ ಸ್ಲ್ಯಾಬ್‌ಗೂ 500ಇ ಡಕ್ಟೈಲ್ ಮೆಶ್ ಬೇಕು ಅಂತ ನಿಯಮ ತಂದರು.

ಇನ್ನೊಂದು ವಿಷಯ. ಕೆಲವು ವರ್ಷ ಕಳೆದು ಅಲ್ಲಿನ ವಾಣಿಜ್ಯ ಆಯೋಗ 500ಇ ಅಂತ ಮಾರುತ್ತಿದ್ದ ಮೆಶ್‌ಗಳ ಪರೀಕ್ಷೆಯ ಬಗ್ಗೆ ತನಿಖೆ ಶುರು ಮಾಡಿತು. ಆಮೇಲೆ ಕೆಲವು ಕಂಪನಿಗಳಿಗೆ ದಂಡವೂ ಬಿತ್ತು. ಹೆಸರಿನಲ್ಲಿ ಇ ಇದ್ದರೆ ಸಾಕು ಅಂತ ನಂಬಿ ಕೂರುವ ಹಾಗಿಲ್ಲ. ಟೆಸ್ಟ್_ಬೆಂಚ್ ಅವರು ಟ್ಯಾಗ್ ನೋಡಿ ಅಂದಿದ್ದು ಅದಕ್ಕೇ.

ಹೊಸ_ಸಿವಿಲ್:
ನಿಮ್ಮ ಹೆಸರು ಡೆಕ್_ಶೀಟ್. ಹಾಗಾದರೆ ಸ್ಟೀಲ್ ಡೆಕ್ ಮೇಲಿನ ಸ್ಲ್ಯಾಬ್‌ಗೂ ಇದೇ ನಿಯಮನಾ? ಅಲ್ಲಿ ಡೆಕ್ಕೇ ಕಬ್ಬಿಣ ಅಲ್ವಾ?

ಡೆಕ್_ಶೀಟ್:
ಡೆಕ್ ಅಂದರೆ ಕಾಂಕ್ರೀಟ್ ಕೆಳಗೆ ಹಾಸುವ, ಏಣುಗಳಿರುವ ಸ್ಟೀಲ್ ಶೀಟ್. ಅದು ಕೆಳಗಿನ ಕಬ್ಬಿಣದ ಕೆಲಸ ಮಾಡುತ್ತದೆ, ನಿಜ. ಮೇಲೆ ಹಾಕುವ ಮೆಶ್ ಬಿರುಕು ಹಿಡಿಯಲು. ಸ್ಟೀಲ್ ಮತ್ತು ಕಾಂಕ್ರೀಟ್ ಸೇರಿದ ಕಟ್ಟಡಗಳ ಯೂರೊಕೋಡ್ 4 ಪ್ರಕಾರ ಏಣಿನ ಮೇಲಿನ ಕಾಂಕ್ರೀಟ್‌ನ 0.2 ಶೇಕಡಾ ಸಾಕು. ಕೆಳಗೆ ಆಸರೆ ಕಂಬ ಕೊಟ್ಟು ಹಾಕಿದ ಸ್ಲ್ಯಾಬ್ ಆದರೆ 0.4.

ಆದರೆ ಬೆಂಕಿ ಬಿದ್ದರೆ ಕಥೆ ಬದಲಾಗುತ್ತದೆ. ಡೆಕ್ ಕಾದು ಶಕ್ತಿ ಕಳೆದುಕೊಳ್ಳುತ್ತದೆ. 1995 ಮತ್ತು 96ರಲ್ಲಿ ಇಂಗ್ಲೆಂಡಿನ ಕಾರ್ಡಿಂಗ್‌ಟನ್‌ನಲ್ಲಿ ಎಂಟು ಮಹಡಿಯ ಪೂರ್ಣ ಗಾತ್ರದ ಕಟ್ಟಡದ ಬೇರೆ ಬೇರೆ ಭಾಗಗಳಲ್ಲಿ ಬೆಂಕಿ ಇಟ್ಟು ಪರೀಕ್ಷೆ ಮಾಡಿದರು. ಸ್ಲ್ಯಾಬ್ ಜೋತುಬಿದ್ದು, ಜೋಲಿಯ ಹಾಗೆ ಭಾರ ಹೊತ್ತು ನಿಂತಿತು. ಆ ಜೋಲಿಯನ್ನು ಹಿಡಿಯುವುದು ಈ ಮೆಶ್. ಹಿಗ್ಗದೆ ಪಟ್ಟನೆ ತುಂಡಾದರೆ ಜೋಲಿಯೂ ಇಲ್ಲ. ಹಾಗಾಗಿ ಅಂಥ ಡಿಸೈನ್‌ನಲ್ಲಿ ಕ್ಲಾಸ್ ಬಿ ಅಥವಾ ಸಿ ಕೇಳುವುದೇ ಸರಿ.

ತಾರಸಿ_ತೋಟ:
ನಡುವೆ ಒಂದು ಪ್ರಶ್ನೆ. ಮೆಶ್ ಬದಲು ಫೈಬರ್ ಹಾಕಿದರೆ? ಗ್ಲಾಸ್ ಫೈಬರ್ ಮೆಶ್ ಕೂಡ ಬಂದಿದೆ, ತುಕ್ಕು ಹಿಡಿಯುವುದೇ ಇಲ್ಲವಂತೆ.

ಸ್ಲ್ಯಾಬ್_ಲೆಕ್ಕ:
ಸಣ್ಣ ಪ್ಲಾಸ್ಟಿಕ್ ಫೈಬರ್ ಹಸಿ ಕಾಂಕ್ರೀಟ್‌ನ ಕೂದಲೆಳೆ ಬಿರುಕಿಗೆ ಒಳ್ಳೆಯದು. ಸ್ಲ್ಯಾಬ್ ಕಂಬಿಯ ಕೆಲಸ ಅದರಿಂದ ಆಗುವುದಿಲ್ಲ. ಗ್ಲಾಸ್ ಫೈಬರ್ ಕಂಬಿಗೆ ಈಲ್ಡ್ ಅನ್ನುವುದೇ ಇಲ್ಲ, ನೇರ ಹೋಗಿ ಮುರಿಯುತ್ತದೆ. ಬಿಗುವು ಸ್ಟೀಲ್‌ನ ಕಾಲು ಭಾಗದಷ್ಟು, ಹಾಗಾಗಿ ಸ್ಲ್ಯಾಬ್ ಜಾಸ್ತಿ ಬಾಗುತ್ತದೆ. ಅದಕ್ಕೆ ಬೇರೆಯದೇ ಡಿಸೈನ್ ಕೋಡ್ ಇದೆ. ಸ್ಟೀಲ್ ಡ್ರಾಯಿಂಗ್ ಇಟ್ಟುಕೊಂಡು ಅದನ್ನು ಹಾಕಬಾರದು.

ತಾರಸಿ_ತೋಟ:
ಓಹೋ. ಮೆಶ್ ಮಳೆಗೆ ನೆನೆದು ಕೆಂಪಾದರೆ?

ಬೈಂಡಿಂಗ್_ವೈರ್:
ಮೇಲೆ ಮೇಲೆ ಕೆಂಪಾದರೆ ಏನೂ ಆಗುವುದಿಲ್ಲ. ಪದರ ಪದರ ಏಳುತ್ತಿದ್ದರೆ ವೈರ್ ಬ್ರಷ್ ಹಾಕಿ ಉಜ್ಜಿ, ಕಂಬಿ ಸವೆದಿದೆಯಾ ನೋಡಿ. ಶಟರಿಂಗ್ ಆಯಿಲ್ ಮೆಶ್‌ಗೆ ತಾಗಿಸಬೇಡಿ, ಅದು ತುಕ್ಕಿಗಿಂತ ಕೆಟ್ಟದ್ದು. ಕಾಂಕ್ರೀಟ್ ಹಿಡಿಯುವುದೇ ಇಲ್ಲ.

ಮನೆಕೆಲಸ_ಶುರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಇಂಜಿನಿಯರ್ ಜೊತೆ ಮಾತಾಡಿದೆ. ಸ್ಲ್ಯಾಬ್ ಮೊಮೆಂಟ್ ಕೋಷ್ಟಕದಿಂದಲೇ ತೆಗೆದಿದ್ದಾರಂತೆ, ಮೊದಲಿನ ಮೆಶ್ ಬೇಡವೇ ಬೇಡ ಅಂದರು. ಕಾಂಟ್ರಾಕ್ಟರ್ ಬೇರೆ ಕಡೆಯಿಂದ ಇನ್ನೊಂದು ಸರ್ಟಿಫಿಕೇಟ್ ತಂದಿದ್ದಾರೆ. ಅದರಲ್ಲಿ ಈಲ್ಡ್ 535, ಅಲ್ಟಿಮೇಟ್ 610, ಗರಿಷ್ಠ ಬಲದಲ್ಲಿ ಹಿಗ್ಗು 6.2 ಶೇಕಡಾ. 8 ಎಂಎಂ, 150 ಅಂತರ. ಇದು ಹೇಗಿದೆ?

ಟೆಸ್ಟ್_ಬೆಂಚ್:
610 ಭಾಗಿಸು 535 ಅಂದರೆ 1.14. ಹಿಗ್ಗು 6.2. ಆರಾಮಾಗಿ ಕ್ಲಾಸ್ ಬಿ. ಸಿ ಮುಟ್ಟುವುದಿಲ್ಲ, ಅದಕ್ಕೆ 7.5 ಮತ್ತು 1.15 ಬೇಕು. ಬೆಸುಗೆ ಸಮೇತ ಎಳೆದಿದ್ದಾರಾ ಅಂತ ಒಂದು ಮಾತು ಕೇಳಿ. ಬೆಸುಗೆಯ ಶಕ್ತಿಯ ಸಾಲೂ ಇರಬೇಕು. ಕಂಬಿಗಳ ಯುರೋಪಿನ ಸ್ಟಾಂಡರ್ಡ್ ಇಎನ್ 10080 ಪ್ರಕಾರ ಬೆಸುಗೆ ಕಿತ್ತು ಬರಲು ಬೇಕಾದ ಬಲ ಕಂಬಿಯ ಈಲ್ಡ್ ಬಲದ ಕಾಲು ಭಾಗಕ್ಕಿಂತ ಕಡಿಮೆ ಇರಬಾರದು.

ಗಟ್ಟಿ_ಕಾಂಕ್ರೀಟ್:
ಇದು ಒಳ್ಳೆಯ ಮೆಶ್. ಹಾಕಿಸಿ. ಕ್ಲಾಸ್ ಸಿ ಬೇಕು ಅಂತ ಇನ್ನು ಯಾರೂ ತಲೆ ತಿನ್ನಬೇಡಿ.

ಡೆಕ್_ಶೀಟ್:
ಭೂಕಂಪದ ಬಲ ಜಾಸ್ತಿ ಇರುವ ಜಾಗವಾದರೆ ಕೇಳಲೇಬೇಕಾದ ಪ್ರಶ್ನೆ ಅದು. ಭೂಕಂಪದ ಡಿಸೈನ್‌ಗೆ ಇರುವ ಯೂರೊಕೋಡ್ 8, ಭೂಕಂಪ ತಡೆಯುವ ಮುಖ್ಯ ಭಾಗಗಳಿಗೆ ಮಧ್ಯಮ ಡಕ್ಟಿಲಿಟಿ ಡಿಸೈನ್‌ನಲ್ಲಿ ಬಿ ಅಥವಾ ಸಿ ಒಪ್ಪುತ್ತದೆ, ಮೇಲಿನ ದರ್ಜೆಗೆ ಸಿ ಮಾತ್ರ. ಬೀಮ್, ಕಾಲಂ ಕಂಬಿಗೆ ಅದು ನೇರವಾಗಿ ಅನ್ವಯ. ಮನೆ ಸ್ಲ್ಯಾಬ್‌ನ ಕೆಳಗಿನ ಮೆಶ್‌ಗೆ ಬಿ ಸಾಕು ಅನ್ನುವುದು ನನ್ನ ಅಭಿಪ್ರಾಯವೂ ಹೌದು.

ಸ್ಲ್ಯಾಬ್_ಲೆಕ್ಕ:
ಕೆಳಗಡೆ ಈ ಮೆಶ್ ಹಾಕಿ. 335 ಸಿಕ್ಕಿತು. ಬೀಮ್ ಮೇಲಿನ ಟಾಪ್ ಕಬ್ಬಿಣ ಮಾತ್ರ ಡ್ರಾಯಿಂಗ್‌ನಲ್ಲಿರುವ ಹಾಗೆ ಬಿಡಿ ಕಂಬಿಯಲ್ಲೇ ಇರಲಿ. ಹೆಚ್ಚು ಹಿಗ್ಗಬೇಕಾದ ಜಾಗ ಅದೇ. ಬೀಮ್‌ನ ಕಂಬಿಗಳ ನಡುವೆ ಶೀಟ್ ತೂರಿಸುವುದೂ ಕಷ್ಟ.

ಮೆಶ್ ಬಗ್ಗಿಸಬೇಕಾದ ಕಡೆ ಬೆಸುಗೆ ಮೇಲೇ ಬಗ್ಗಿಸಬೇಡಿ. ಬೆಸುಗೆ ಬಾಗಿನ ಒಳಗೆ ಬಂದರೆ ಬಗ್ಗಿಸುವ ಉರುಳೆಯ ವ್ಯಾಸ ಕಂಬಿಯ 20 ಪಟ್ಟು ಇರಬೇಕು ಅನ್ನುತ್ತದೆ ಯೂರೊಕೋಡ್ 2. 8 ಎಂಎಂಗೆ 160 ಎಂಎಂ ಉರುಳೆ. ಸೈಟಲ್ಲಿ ಯಾರ ಹತ್ತಿರವೂ ಇರುವುದಿಲ್ಲ.

ಬೈಂಡಿಂಗ್_ವೈರ್:
ನನ್ನದೂ ಎರಡು ಮಾತು. ಎಂಥ ಡಕ್ಟೈಲ್ ಮೆಶ್ ತಂದರೂ ಕಾಂಕ್ರೀಟ್ ಹಾಕುವಾಗ ಅದರ ಮೇಲೆ ನಡೆದು ನಡೆದು ತಳಕ್ಕೆ ಕೂರಿಸಿಬಿಟ್ಟರೆ ಎಲ್ಲಾ ದಂಡ. "ಕಾಂಕ್ರೀಟ್ ಬಿದ್ದ ಮೇಲೆ ಕೊಕ್ಕೆಯಲ್ಲಿ ಎತ್ತುತ್ತೇವೆ" ಅಂದರೆ ಒಪ್ಪಬೇಡಿ. ಎತ್ತಿದ್ದು ಮತ್ತೆ ಕೆಳಗೆ ಹೋಗುತ್ತದೆ. ಕವರ್ ಬ್ಲಾಕ್ ಹತ್ತಿರ ಹತ್ತಿರ ಇಡಿಸಿ. ಟಾಪ್ ಕಂಬಿಗೆ ಗಟ್ಟಿ ಚೇರ್ ಕೊಡಿಸಿ. ಜನ ಓಡಾಡಲು ಹಲಗೆ ಹಾಕಿಸಿ.

ಕರೆಂಟ್ ಪೈಪ್‌ನವರು ಬಂದು ಮೆಶ್ ಕತ್ತರಿಸದ ಹಾಗೆ ನೋಡಿಕೊಳ್ಳಿ. ಪೈಪ್ ಕೆಳಗಿನ ಮೆಶ್ ಮೇಲೆ, ಟಾಪ್ ಕಂಬಿ ಕೆಳಗೆ ಹೋಗಲಿ. ದೊಡ್ಡ ತೂತಿಗೆ ಕತ್ತರಿಸಲೇಬೇಕಾದರೆ ಎಷ್ಟು ಕಂಬಿ ಹೋಯಿತೋ ಅಷ್ಟನ್ನು ಎರಡೂ ಪಕ್ಕದಲ್ಲಿ ಸೇರಿಸಿ.

ಮನೆಕೆಲಸ_ಶುರು:
ಕೊನೆಯ ಪ್ರಶ್ನೆ. ಶೀಟ್ ಮೇಲೆ ಶೀಟ್ ಬರುವ ಕಡೆ ಎಷ್ಟು ಲ್ಯಾಪ್ ಕೊಡಬೇಕು? ನಾಲ್ಕು ಶೀಟ್ ಸೇರುವ ಮೂಲೆಯಲ್ಲಿ ತುಂಬಾ ದಪ್ಪ ಆಗುತ್ತದೆ ಅಂತ ಕಾಂಟ್ರಾಕ್ಟರ್ ಈಗಲೇ ಹೇಳುತ್ತಿದ್ದಾರೆ.

ಸೆಂಟ್ರಿಂಗ್_ಶೀಟ್:
ಅವರು ಹೇಳುವುದು ನಿಜ. ಒಂದು ಶೀಟ್‌ನಲ್ಲೇ ಎರಡು ಕಂಬಿ ದಪ್ಪ, 16 ಎಂಎಂ. ನಾಲ್ಕು ಸೇರಿದರೆ 64. 150 ಎಂಎಂ ಸ್ಲ್ಯಾಬ್‌ನಲ್ಲಿ 64 ಅಲ್ಲೇ ಹೋಯಿತು.

ಸ್ಲ್ಯಾಬ್_ಲೆಕ್ಕ:
ಲ್ಯಾಪ್ ಉದ್ದ ನಿಮ್ಮ ಇಂಜಿನಿಯರ್ ಡ್ರಾಯಿಂಗ್‌ನಲ್ಲಿ ಬರೆದುಕೊಡಬೇಕು. ಎಎಸ್ 3600ರ ನಿಯಮ ನೆನಪಿಡಲು ಸುಲಭ. ಒಂದು ಶೀಟ್‌ನ ಕೊನೆಯ ಎರಡು ಅಡ್ಡ ಕಂಬಿ ಇನ್ನೊಂದು ಶೀಟ್‌ನ ಕೊನೆಯ ಎರಡು ಅಡ್ಡ ಕಂಬಿಯನ್ನು ದಾಟಿ ಕೂರಬೇಕು.

ಮೂಲೆಯ ದಪ್ಪಕ್ಕೆ ಎರಡು ದಾರಿ ಇದೆ. ಶೀಟ್‌ಗಳನ್ನು ಇಟ್ಟಿಗೆ ವರಸೆಯಲ್ಲಿ ಹಿಂದೆ ಮುಂದೆ ಮಾಡಿ ಹಾಸಿದರೆ ನಾಲ್ಕು ಶೀಟ್ ಒಂದೇ ಕಡೆ ಸೇರುವುದಿಲ್ಲ, ಮೂರು ಮಾತ್ರ. ಇಲ್ಲವೇ ಅಂಚಿನಲ್ಲಿ ಅಡ್ಡ ಕಂಬಿ ಇಲ್ಲದೆ ಉದ್ದ ಕಂಬಿ ಮಾತ್ರ ಚಾಚಿಕೊಂಡಿರುವ ಶೀಟ್ ಆರ್ಡರ್ ಮಾಡಿ. ಅದರಲ್ಲಿ ಕಂಬಿಗಳು ಒಂದೇ ಮಟ್ಟದಲ್ಲಿ ಪಕ್ಕ ಪಕ್ಕ ಕೂರುತ್ತವೆ. ಆದರೆ ಆಗ ಲ್ಯಾಪ್ ಬಿಡಿ ಕಂಬಿಯ ಲೆಕ್ಕಕ್ಕೆ ಬರುತ್ತದೆ, ಉದ್ದ ಜಾಸ್ತಿ ಬೇಕು. ಹಿಡಿದುಕೊಳ್ಳಲು ಬೆಸುಗೆಯ ಅಡ್ಡ ಕಂಬಿ ಅಲ್ಲಿ ಇರುವುದಿಲ್ಲ. ಎರಡರಲ್ಲಿ ಯಾವುದು ಅಂತ ಆರ್ಡರ್ ಕೊಡುವ ಮೊದಲೇ ತೀರ್ಮಾನ ಮಾಡಿ, ಶೀಟ್ ಜೋಡಣೆಯ ಚಿತ್ರ ಬರೆಸಿಕೊಳ್ಳಿ.

ಮನೆಕೆಲಸ_ಶುರು:
ಇಟ್ಟಿಗೆ ವರಸೆಯೇ ನಮಗೆ ಸುಲಭ ಅನಿಸುತ್ತದೆ. ಇಂಜಿನಿಯರ್ ಹತ್ತಿರ ಇವತ್ತೇ ಚಿತ್ರ ಕೇಳುತ್ತೇನೆ. ಟ್ಯಾಗ್ ಫೋಟೋ ಬಂದ ಮೇಲೆ ಇಲ್ಲೇ ಹಾಕುತ್ತೇನೆ, ದಯವಿಟ್ಟು ಒಮ್ಮೆ ನೋಡಿ ಹೇಳಿ.

ಟೆಸ್ಟ್_ಬೆಂಚ್:
ಹಾಕಿ. ಬ್ಯಾಚ್ ನಂಬರ್ ಸ್ಪಷ್ಟವಾಗಿ ಕಾಣುವ ಹಾಗೆ ತೆಗೆಯಿರಿ. ಆಗುವುದಾದರೆ ಅದೇ ಕಟ್ಟಿನ ಒಂದು ಶೀಟ್‌ನಿಂದ ಬೆಸುಗೆ ಇರುವ ಒಂದೆರಡು ತುಂಡು ಕತ್ತರಿಸಿ ಎತ್ತಿಡಿ. ಕಾಂಕ್ರೀಟ್ ಹಾಕುವ ಮುಂಚೆ ಲ್ಯಾಬ್‌ಗೆ ಕೊಟ್ಟು ಎಳೆಸಿ.